ಎರಡೂ ಎಡಮಗ್ಗಲು

ಪಿಗ್ಮಿ ರೊಕ್ಕ ಮುರಿಸಿ ತರಿಸಿದ್ದು.
ನಲವತ್ತೊಂದು ಸಾವಿರ, ಮ್ಯಾಲ ಲಾರಿ ಬಾಡಿಗಿ.
ಹಾತಲಗೇರಿ ನಾಕಾದಾಗ ಪೆಟ್ಟಿಗಿ ಇಳಿಸಿದ ಹಮಾಲ
‘ಫ್ರಿಜ್ಜೇನ್ರಿ ಅಕ್ಕಾರ?’ ಅಂದ.
‘ಬಡಿಗ್ಯಾನ್ನ ತರಿಸೇನಿ’ ಅಂದೆ.

ಬಡಿಗ್ಯಾ ಬಿಡಿಬಿಡಿಯಾಗಿ ಬಂದಿದ್ದ.
ನಿಂದರಸಾಕ ಎರಡು ದಿನ ಹಿಡೀತು,
ಕಡೀಕ ಮೂರು ಸ್ಕ್ರೂ ಉಳದ್ವು.
ಎಲ್ಲಿವು ಅನ್ನೋದು ಇವತ್ತಿಗೂ ಗೊತ್ತಿಲ್ಲ,
ಅರಿಷಿಣದ ಡಬ್ಬ್ಯಾಗ ಇಟ್ಟೇನಿ.

ಅತ್ತಿಯ ಕಾಲದ ಅಚ್ಚು ಸೀಳಿದ್ವು, ಅದಕ್ಕ ಇದೆಲ್ಲ.
ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಹೊಯ್ಯೋ ಸಾಗವಾನಿ ಅಚ್ಚು.
ಆನಿ ಸೊಂಡಿಲ ಸಂದ್ಯಾಗ ಪಾಕ ಸೋರತಿತ್ತು,
ಗಿಳಿಗೆ ಮೂರು ವರ್ಷದಿಂದ ಕೊಕ್ಕಿರಲಿಲ್ಲ,
ಕೊಂಡವರು ಪಾರಿವಾಳ ಅಂತ ಒಯ್ದರು.

ಮಶಿನ್ನಿಗಿಂತ ಮಾತು ಜಾಸ್ತಿ ಸಾಫ್ಟ್‌ವೇರಿಗೆ.
ಬಿಟ್ಟು ಎಷ್ಟು ದಪ್ಪ? ಒಂದು ಸುತ್ತಿಗೆ ಎಷ್ಟು ಆಳ?
ಎಷ್ಟು ಎತ್ತರಕ್ಕ ಎದ್ದು ದಾಟಲಿ?
ಹೆಣ್ಣು ನೋಡಾಕ ಬಂದವರೂ ನನ್ನ ಇಷ್ಟು ಕೇಳಿರಲಿಲ್ಲ.
ಪಾಕ ಎಷ್ಟೆಳಿ ಅಂದ್ರ ಎರಡು ಬೆರಳಾಗ ಹೇಳೇನು,
ಮಿಲಿಮೀಟರಿನ್ಯಾಗ ಹೆಂಗ ಹೇಳಲಿ?

‘ಮೊದಲ ಸೊನ್ನಿ ತೋರಸ್ರಿ ಚಿಗವ್ವಾರ’ ಅಂದ ದಾವಲ್,
ಮಗ್ಗಲ ಮನಿ ಹುಡುಗ, ಐಟಿಐ ಎರಡನೇ ವರ್ಷ.
‘ಎಲ್ಲಿಂದ ಸುರು ಅಂತ ನೀವು ಹೇಳದಿದ್ರ
ಅದಕ್ಕ ಹಲಿಗಿನೂ ಇಲ್ಲ, ನಾವೂ ಇಲ್ಲ.’
ಹಲಿಗಿ ಮ್ಯಾಲ ಹಾಳಿ ಇಡಬೇಕು,
ಬಿಟ್ಟು ಕೂದಲೆಳಿ ಕೂದಲೆಳಿ ಇಳಿಸಬೇಕು,
ಜಗ್ಗಿದ್ರ ಹಾಳಿ ತುಸು ಹಿಡೀಬೇಕು, ಹರೀಬಾರದು.

ಹಾಳಿಗೇನು ಬರ ನಮ್ಮನ್ಯಾಗ, ಇವರು ಕಂಡಕ್ಟರು.
ಹರಿದು ಕೊಡೋ ಟಿಕೀಟಿನ ಕಾಲದ್ದು ಒಂದು ಕಟ್ಟು
ಅಟ್ಟದ ಮ್ಯಾಲಿತ್ತು, ಹೆಂಗ ಉಳೀತು ಕೇಳಬ್ಯಾಡ್ರಿ.
ಹನ್ನೊಂದು ರೂಪಾಯಿದು, ತೆಳ್ಳಗ, ಗುಲಾಬಿ ಬಣ್ಣ.
ಸೊನ್ನಿ ಅಂದ್ರ ನನಗೀಗ
ಹನ್ನೊಂದು ರೂಪಾಯಿ ದಪ್ಪ.

ಮೊದಲನೇ ಗಿಳಿ ಗಾಳಿಯೊಳಗ ಕೆತ್ತಿಸಿದಿವಿ,
ಹಲಿಗಿಗೆ ನಾಲ್ಕು ಬೆರಳ ಮ್ಯಾಲ, ಬರೇ ಪರೀಕ್ಷಾಕ್ಕ.
ಇವರು ಚಾದ ವಾಟಗಾ ಹಿಡಕೊಂಡು ಬಂದು
‘ಎಲ್ಲೈತಿ?’ ಅಂದ್ರು.
‘ಹಾರಿಹೋತು.’

ಎರಡನೇದಕ್ಕ ಬಿಟ್ಟು ಕ್ಲಾಂಪಿಗೆ ಬಡದು ಮುರೀತು.
ಆಮ್ಯಾಗಿಂದು ಕರೆಂಟಿನ ಪಾಲು:
ಹೋತು, ಬಂತು, ಬಂದಮ್ಯಾಲ ತನ್ನ ಸೊನ್ನಿ ತಾನ ಮರೀತು,
ಗಿಳಿಯ ಕಣ್ಣು ಒಯ್ದು ಹೊಟ್ಟಿಯೊಳಗ ಕೊರೀತು.

ಐತವಾರ ಆರು ತಾಸು ಕುಂತು
ಎರಡು ಹೋಳು ಕೆತ್ತಿಸಿದೆ, ಪುಡಿ ಊದಿದೆ,
ಮುಖಾಮುಖಿ ಜೋಡಿಸಿದೆ. ಕೂಡವಲ್ವು.
ಒಂದರ ಕೊಕ್ಕಿಗೆ ಇನ್ನೊಂದರ ಬಾಲ.
ಎರಡೂ ಎಡಮಗ್ಗಲು!
ದಾವಲ್ ನಗಲಿಲ್ಲ, ತಲಿ ಕೆರಕೊಂಡ,
‘ಕನ್ನಡಿ ಬಟನ್ ಒತ್ತೋದು ನಾನ ಹೇಳಲಿಲ್ಲ.’

ನನಗ ಅಚ್ಚಿನ ಮುದುಕ ನೆನಪಾದ.
ನಾ ಹೊಸಾ ಸೊಸಿ ಇದ್ದಾಗ ಜಗಲಿ ಮ್ಯಾಲ ಕುಂತು
ಚಿತ್ರದ ಹಾಳಿಗೆ ಎಣ್ಣಿ ಹಚ್ಚಿ
ಬೋರಲು ಹಾಕತಿದ್ದ.
ನೋಡಿದ್ದೆ. ಯಾಕ ಅಂತ ಕೇಳಿರಲಿಲ್ಲ.

ಮೂರನೇ ಹೋಳು ಬಲಕ್ಕ ಬಂತು.
ನೀರಾಗ ತೋಯಿಸಿ, ದಾರ ಬಿಗದು, ಪಾಕ ಹೊಯ್ದು,
ಆರೂ ಮಟ ಕೈ ಕಟಗೊಂಡು ನಿಂತು ಬಿಚ್ಚಿದೆ.
ಬಿಟ್ಟು ಅಡ್ಡಾಡಿದ ಗೆರಿ, ಎಷ್ಟು ತಿಕ್ಕಿದ್ರೂ ಹೋಗದವು,
ಗಿಳಿ ಮೈತುಂಬ ಪುಚ್ಚ ಆಗಿ ಬಿದ್ದಿದ್ವು.
ನಾ ಬರದಿರಲಿಲ್ಲ ಅವನ್ನ, ದಾವಲ್ಲೂ ಬರದಿರಲಿಲ್ಲ.
ಅವನ ಕೈಯಾಗ ಕೊಟ್ಟೆ. ಮೊದಲ ತಲಿ ಕಡದ.

ಹೆಚ್ಚಾದ ಎಡ ಹೋಳು ಒಗೀಲಿಲ್ಲ.
ಅದರಾಗ ಒಂದs ಮಗ್ಗಲಿನ ಗಿಳಿ ಹೊಯ್ತೇನಿ, ಬೆನ್ನು ಸಪಾಟ,
ತಾಟಿನ್ಯಾಗ ನಿಂದರೂದಿಲ್ಲ, ಮಲಗತೈತಿ.
ಅರ್ಧ ರೇಟು.
ಈ ಹುಣ್ಣಿವಿಗೆ ಅದ ಮೊದಲ ತೀರಿತು.